ಓದುವುದೋ, ಹಾಸುವುದೋ?

ನನ್ನ ಅಂಕಣವನ್ನು ಒಂದು ವಾರವೂ ತಪ್ಪಿಸದ ಅಭಿಮಾನಿಗಳು ಮಧುವನಹಳ್ಳಿಯಲ್ಲಿದ್ದಾರೆ. ಒಬ್ಬಿಬ್ಬರಲ್ಲ, ಸಾವಿರಾರು. ನನ್ನ ಬರಹದ ಮೇಲೆಯೇ ಮಲಗುತ್ತಾರೆ, ಅದರ ಮೇಲೆಯೇ ಊಟ ಮಾಡುತ್ತಾರೆ, ಉಳಿದದ್ದನ್ನೂ ಅಲ್ಲೇ ಮುಗಿಸುತ್ತಾರೆ. ಇಷ್ಟು ಹಚ್ಚಿಕೊಂಡ ಓದುಗರು ನಾಡಿನ ಯಾವ ದೊಡ್ಡ ಲೇಖಕನಿಗಿದ್ದಾರೆ ಹೇಳಿ?

ಹೆಚ್ಚು ಸತಾಯಿಸುವುದಿಲ್ಲ. ಅವು ರೇಷ್ಮೆ ಹುಳುಗಳು.

ನನ್ನ ಅಕ್ಕ ಮಹದೇವಮ್ಮನನ್ನು ಕೊಟ್ಟಿರುವುದು ಮಧುವನಹಳ್ಳಿಗೆ. ಅವರದು ರೇಷ್ಮೆ ಬೆಳೆಯುವ ಮನೆ. ಹುಳು ಸಾಕುವ ಬಿದಿರಿನ ತಟ್ಟೆಗಳಿಗೆ ಕಾಗದ ಹಾಸಬೇಕು. ಕೊಳ್ಳೇಗಾಲದ ನನ್ನ ಮನೆಯಲ್ಲಿ ಹಳೇ ಪೇಪರಿಗೆ ಬರವಿಲ್ಲ (ಪತ್ರಿಕೆಗೆ ಬರೆಯುವವನು ಸಂಪಾದಿಸುವ ಆಸ್ತಿ ಅದೊಂದೇ). ಹದಿನೈದು ದಿನಕ್ಕೊಮ್ಮೆ ಒಂದು ಕಟ್ಟು ಕಟ್ಟಿ ಹನೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಮಧುವನಹಳ್ಳಿಯಲ್ಲಿ ರಸ್ತೆ ಪಕ್ಕದ ಟೀ ಅಂಗಡಿಗೆ ಇಳಿಸಿ ಹೋಗುತ್ತಾನೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. ಹೋದ ವರ್ಷ ಒಂದೇ ಒಂದು ಸಲ ಎಡವಟ್ಟಾಯಿತು. ಎಡವಟ್ಟು ಮಾಡಿದ ಮಹಾಶಯ ನಾನೇ.

ಅದಕ್ಕೆ ಮೊದಲು ಅಕ್ಕನ ಓದಿನ ವಿಷಯ ಹೇಳಬೇಕು.

ಅಕ್ಕ ಯಳಂದೂರಿನಲ್ಲಿ ಪಿಯುಸಿ ಪಾಸು ಮಾಡಿದ ವರ್ಷವೇ ಅವಳ ಮದುವೆಯಾಯಿತು. ಆಮೇಲೆ ಇಪ್ಪತ್ತು ವರ್ಷ ಸೊಪ್ಪು, ಹುಳು, ಗೂಡು. ಮಗಳು ಪವಿತ್ರಳನ್ನು ಕೊಳ್ಳೇಗಾಲದಲ್ಲಿ ಪಿಯುಸಿಗೆ ಸೇರಿಸಲು ಬಂದವಳು ವಾಪಸು ಹೋಗುವಾಗ ಬ್ಯಾಗಿನಲ್ಲಿ ಇನ್ನೊಂದು ಅರ್ಜಿ ಇಟ್ಟುಕೊಂಡು ಹೋದಳು. ಅಂಚೆ ಮೂಲಕ ಬಿ.ಎ. ಕಾಲೇಜಿಗೆ ಹೋಗಬೇಕಾಗಿಲ್ಲ. ಪಾಠ ಪೋಸ್ಟಿನಲ್ಲಿ ಬರುತ್ತದೆ, ಪರೀಕ್ಷೆ ಕೊಳ್ಳೇಗಾಲದಲ್ಲೇ ನಡೆಯುತ್ತದೆ.

"ಈ ವಯಸ್ನಲ್ಲಿ ಡಿಗ್ರಿ ತಕಂಡು ಏನ್ ಮಾಡೀಯೆ? ಉಳಕ್ಕೆ ತೋರ್ಸೀಯಾ?" ಅಂದರು ಭಾವ.

ಅಕ್ಕ ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಗುಡುಗು ಕೇಳಿಸಿತು. ಭಾವನ ತಾಯಿ, ಅಕ್ಕನ ಅತ್ತೆ, ನಂಜಮ್ಮಣ್ಣಿಯವರು.

"ನೀನು ಎಸ್ಸೆಲ್ಸಿ ಮೂರ್ ಸಲ ಕಟ್ದಾಗ ಯಾರಾದ್ರೂ ಕೇಳುದ್ರೇನ್ಲಾ? ಅವ್ಳು ಓದ್ಲಿ ಬುಡು."

ಎಸ್ಸೆಲ್ಸಿ ವಿಷಯ ಎತ್ತಿದರೆ ಆ ಮನೆಯಲ್ಲಿ ಯಾವ ಚರ್ಚೆಯಾದರೂ ಮುಗಿಯುತ್ತದೆ.

ನಂಜಮ್ಮಣ್ಣಿಯವರಿಗೆ ಅಕ್ಷರ ಬಾರದು. ಆದರೆ ಹುಳು ಮನೆಗೆ ಅವರೇ ಕಮಿಷನರ್, ಅವರೇ ಪೊಲೀಸು. ಅಲ್ಲಿಗೆ ಕಾಲು ತೊಳೆಯದೆ ಯಾರೂ ಕಾಲಿಡುವಂತಿಲ್ಲ. ಸೆಂಟು, ಪೌಡರು ಹಾಕಿಕೊಂಡು ಬಂದವರಿಗೆ ಬಾಗಿಲಲ್ಲೇ ತಡೆ. (ನನ್ನನ್ನು ಈಗಲೂ ಮೂಸಿ ನೋಡಿಯೇ ಒಳಗೆ ಬಿಡುವುದು.) ಸೊಸೆಯ ಫೀಜಿಗೆ ದಾರಿ ಹುಡುಕಿದವರೂ ಅವರೇ. ಬಲಿತ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ಚೌಕಟ್ಟಿಗೆ ಚಂದ್ರಿಕೆ ಅನ್ನುತ್ತಾರೆ. ಚಾಪೆಯ ಮೇಲೆ ದಬ್ಬೆಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಪ್ರತಿ ಬೆಳೆಯಲ್ಲೂ ಎರಡು ಚಂದ್ರಿಕೆ ಪಕ್ಕಕ್ಕೆ ನಿಲ್ಲಿಸಿ, "ಇವೆರಡು ನಿನ್ ಓದಿಂದು, ಇದ್ರ ಗೂಡ್ನ ಯಾರೂ ಮುಟ್ಟಂಗಿಲ್ಲ" ಅಂದುಬಿಟ್ಟರು. ಅಲ್ಲಿಂದ ಮೂರು ವರ್ಷ ಆ ಎರಡು ಚಂದ್ರಿಕೆಯ ಗೂಡೇ ಡಿ.ಡಿ. ಆಗಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಮೊಟ್ಟೆ ತರುವ ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡುತ್ತಿದ್ದ ಮನೆ, ಫೀಜು ಕಟ್ಟುವ ಕೊನೇ ದಿನ ನೋಡಿ ಗೊತ್ತು ಮಾಡತೊಡಗಿತು.

ಸರಿ, ಹಣಕ್ಕೆ ದಾರಿಯಾಯಿತು. ಹೊತ್ತಿಗೆ?

"ಬಿಡುವಾದಾಗ ಓದಿ, ಪದವಿ ಪಡೆಯಿರಿ" ಅಂತ ಆ ಅರ್ಜಿಯ ಜೊತೆ ಬಂದ ಹಾಳೆಯಲ್ಲಿ ಅಚ್ಚು ಹಾಕಿದ್ದರು. ಬರೆದವರು ಹುಳು ಸಾಕಿದವರಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಸೊಪ್ಪು ಕೊಯ್ಯಬೇಕು, ಹೆಚ್ಚಬೇಕು, ಹಾಕಬೇಕು, ತಟ್ಟೆ ಕ್ಲೀನು ಮಾಡಬೇಕು, ಮತ್ತೆ ಸೊಪ್ಪು. ಮದುವೆ ಇರಲಿ, ಹಬ್ಬ ಇರಲಿ, ಹುಳುವಿಗೆ ಹೊತ್ತು ಹೊತ್ತಿಗೆ ಹೊಟ್ಟೆ ತುಂಬಲೇಬೇಕು.

ಆದರೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಕಲ್ಲಿನಂತೆ ಕೂರುತ್ತದೆ. ತಿನ್ನುವುದಿಲ್ಲ, ಅಲುಗುವುದಿಲ್ಲ. ಒಂದು ದಿನ, ಒಮ್ಮೊಮ್ಮೆ ಇನ್ನೂ ಸ್ವಲ್ಪ ಹೆಚ್ಚು. ಆಗ ಯಾರೂ ಅದನ್ನು ಮುಟ್ಟಬಾರದು. ಕದಲಿಸಿದರೆ ಪೊರೆ ಸರಿಯಾಗಿ ಬಿಡದೆ ಸಾಯುತ್ತದೆ. ಅಂದರೆ ಆ ಒಂದು ದಿನ ಮನೆಗೆಲ್ಲ ರಜ. ನಮ್ಮಕ್ಕನ ಬಿ.ಎ. ನಡೆದದ್ದು ಈ ರಜದಲ್ಲಿ. ಇತಿಹಾಸ ಎರಡನೇ ಜ್ವರದಲ್ಲಿ, ಸಮಾಜಶಾಸ್ತ್ರ ನಾಲ್ಕನೇ ಜ್ವರದಲ್ಲಿ. ಲೋಕದಲ್ಲಿ ಎಲ್ಲರೂ ಜ್ವರ ಬಂದರೆ ಪುಸ್ತಕ ಮುಚ್ಚಿಡುತ್ತಾರೆ. ಇವಳು ತೆರೆಯುತ್ತಿದ್ದಳು.

ಹೀಗೆ ಎರಡು ವರ್ಷ ಪಾಸಾದಳು. ಹೋದ ವರ್ಷ ಕೊನೆಯದು. ಎಲ್ಲ ವಿಷಯದ ಪುಸ್ತಕವೂ ಬಂದಿತ್ತು, ಅರ್ಥಶಾಸ್ತ್ರದ ಕೊನೇ ಕಂತು ಮಾತ್ರ ಬಾಕಿ. ಪರೀಕ್ಷೆಯಲ್ಲಿ ಮೊದಲನೆಯದೇ ಅರ್ಥಶಾಸ್ತ್ರ. ಅದರಲ್ಲಿ ಹೋದರೆ ಮುಂದಿನ ವರ್ಷ ಸಿಲಬಸ್ಸೇ ಬೇರೆ. ಮತ್ತೆ ಫೀಜು, ಮತ್ತೆ ಪುಸ್ತಕ. ಅತ್ತ ಪವಿತ್ರ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದಳು. ಮಗಳ ಖರ್ಚಿನ ಮುಂದೆ ನಿಂತು 'ನನಗೂ ಇನ್ನೊಂದು ವರ್ಷ' ಅಂತ ಕೇಳುವ ಹೆಂಗಸು ನಮ್ಮಕ್ಕ ಅಲ್ಲ. ಪಾಸಾದರೆ ಈ ಸಲ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಅವಳ ಲೆಕ್ಕಾಚಾರ ಪಕ್ಕಾ ಇತ್ತು. ಮೈಸೂರಿನಲ್ಲಿ ಹತ್ತು ದಿನ ಸಂಪರ್ಕ ತರಗತಿ. ಶುಕ್ರವಾರ ಊರಿಗೆ ವಾಪಸು. ಅವತ್ತೇ ಹುಳು ಮೂರನೇ ಜ್ವರಕ್ಕೆ ಕೂರುತ್ತದೆ. ಶುಕ್ರವಾರ, ಶನಿವಾರ ಬಿಡುವು. ಅಷ್ಟರಲ್ಲಿ ಕೊನೇ ಕಂತು ಬಂದಿದ್ದರೆ ಓದಿ ಮುಗಿಸಬಹುದು. ಸೋಮವಾರ ಪರೀಕ್ಷೆ.

ಕಂತು ಬಂತು. ಬಂದದ್ದು ನನ್ನ ಮನೆಗೆ. ಹಳ್ಳಿಗೆ ಪೋಸ್ಟು ತಡವಾಗುತ್ತದೆ ಅಂತ ಅಕ್ಕ ನನ್ನ ವಿಳಾಸ ಕೊಟ್ಟಿದ್ದಳು. ದೊಡ್ಡ ಅಳತೆಯ ಬಿಳೀ ಹಾಳೆಗಳು, ಮೂಲೆಗೆ ಎರಡು ಪಿನ್ನು. ಲಕೋಟೆ ಒಡೆದು ನೋಡಿದೆ, ಅರ್ಥಶಾಸ್ತ್ರವೇ ಹೌದು. ಅವತ್ತೇ ಪೇಪರ್ ಕಟ್ಟು ಕಳಿಸುವ ದಿನ. ಎರಡನ್ನೂ ಒಟ್ಟಿಗೆ ಕಟ್ಟಿ ಕಂಡಕ್ಟರ್ ಕೈಗೆ ಕೊಟ್ಟೆ. ಒಂದು ಚೀಟಿ ಬರೆದಿಡಬೇಕು ಅಂತ ಅನ್ನಿಸಿತ್ತು. ವಾರಕ್ಕೆ ಸಾವಿರ ಪದ ಬರೆಯುವ ನಾನು ನಾಲ್ಕು ಪದದ ಚೀಟಿ ಬರೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಫೋನ್ ಬಂತು. ಅಕ್ಕ, ಎಸ್‌ಟಿಡಿ ಬೂತಿನಿಂದ.

"ನನ್ ಪುಸ್ತಕ ಬಂತೇನ್ಲಾ?"

"ಬಂದು ಕಳ್ಸಿ ವಾರ ಆಯ್ತಲ್ಲಕ್ಕ."

"ಯಾವುದ್ರಲ್ಲಿ ಕಳ್ಸ್ದೆ?"

"ಪೇಪರ್ ಕಟ್ಟಿನ ಜೊತೆ."

ಬೂತಿನ ಮೀಟರ್ ಓಡುವುದು ನನಗೆ ಕೇಳಿಸಿದಂತಾಯಿತು. ಆಮೇಲೆ ಒಂದೇ ಮಾತು. "ಬಾರ್ಲಾ ಇಲ್ಲಿಗೆ."

ಹೋದೆ. ಕಾಲು ತೊಳೆದೆ. ನಂಜಮ್ಮಣ್ಣಿಯವರು ಅವತ್ತು ಮೂಸಲೂ ಇಲ್ಲ, ನೆಟ್ಟಗೆ ಒಳಗೆ ಬಿಟ್ಟರು. ಅದರಲ್ಲೇ ಸಂಗತಿ ಎಷ್ಟು ಕೆಟ್ಟಿದೆ ಅಂತ ಗೊತ್ತಾಯಿತು.

ಸ್ಟ್ಯಾಂಡಿನ ತುಂಬ ತಟ್ಟೆಗಳು. ತಟ್ಟೆಯ ತುಂಬ ತಲೆ ಎತ್ತಿ ಕೂತ ಹುಳುಗಳು. ಅವುಗಳ ಅಡಿಯಲ್ಲಿ, ಸೊಪ್ಪಿನ ಚೂರು, ಹಿಕ್ಕೆಗಳ ನಡುವೆ, ಅಂಚಿನಲ್ಲಿ ಅಲ್ಲಲ್ಲಿ ಇಣುಕುವ ಬಿಳೀ ಕಾಗದ. 'ಘಟಕ ನಾಲ್ಕು: ಮಾರುಕಟ್ಟೆಯ ಸ್ವರೂಪ.'

"ಈ ಸಲ ಒಳ್ಳೆ ಗಟ್ಟಿ ಪೇಪ್ರು ಕಳ್ಸವ್ನೆ ಅನ್ಕಂಡೆ ಕಣಪ್ಪ" ಅಂದರು ನಂಜಮ್ಮಣ್ಣಿಯವರು. ದನಿ ಅಳುವಂತಿತ್ತು. "ಪಿನ್ನು ಕಿತ್ತು ನಾನೇ ಆಸ್ದೆ. ಸೊಸೆ ಊರಲ್ಲಿರ್ನಿಲ್ಲ, ಯಾರ್ನ ಕೇಳ್ಲಿ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ತಪ್ಪು ನನ್ನದು, ಆ ತಾಯಿಗೇಕೆ ಸಂಕಟ? ಏನಾದರೂ ಮಾಡಬೇಕಲ್ಲ ಅಂತ ಬಾಯಿಗೆ ಬಂದದ್ದನ್ನು ಅಂದೆ. "ಒಂದೆರಡು ತಟ್ಟೆ ಹುಳು ಹೋದ್ರೆ ಹೋಗ್ಲಿ ಬಿಡಕ್ಕ. ಹಾಳೆ ಎಳ್ಕೊಂಬಿಡೋಣ."

ನಂಜಮ್ಮಣ್ಣಿಯವರು ಸೊಸೆಯ ಮುಖ ನೋಡಿದರು. ಹುಳು ಮನೆಯ ಪೊಲೀಸು ಅವತ್ತು ಬೇಡ ಅನ್ನಲಿಲ್ಲ. ಬೇಡ ಅಂದವಳು ಅಕ್ಕ.

"ಬ್ಯಾಡ ಕಣ್ಲಾ. ಇವು ಚೆಂದಾಗಿ ಎದ್ರೆ ತಾನೆ ಪವಿತ್ರನ್ ಪೀಜು? ಇರ್ಲಿ, ಏಳೋ ಗಂಟ ಕಾಯಾನ."

ಶನಿವಾರ ಮಧ್ಯಾಹ್ನದ ತನಕ ಕಾಯಬೇಕು. ಅಂದರೆ ಓದಲು ಇಟ್ಟುಕೊಂಡಿದ್ದ ಬಿಡುವೆಲ್ಲ ಹುಳುವಿನ ಕೆಳಗೇ ಹೋಯಿತು. ಎದ್ದ ಮೇಲೆ ಅವುಗಳ ಹಸಿವು ಬೇರೆ, ಸೊಪ್ಪಿನ ಕೆಲಸ ಬೇರೆ. ಪ್ರಾಯಶ್ಚಿತ್ತ ಅಂತ ನಾನು ಹನೂರಿನ ಬಸ್ಸು ಹತ್ತಿದೆ. ಅಲ್ಲೊಬ್ಬರು ಇದೇ ಅಂಚೆ ಬಿ.ಎ. ಓದುತ್ತಿದ್ದಾರೆ ಅಂತ ಅಕ್ಕ ಹೇಳಿದ್ದಳು. ಮನೆ ಹುಡುಕಿ ಹೋದೆ. ಅವರು ಅರ್ಥಶಾಸ್ತ್ರ ತೆಗೆದುಕೊಂಡೇ ಇರಲಿಲ್ಲ. ಒಂದು ಲೋಟ ಟೀ ಕೊಟ್ಟು, "ಕನ್ನಡದ್ದು ಬೇಕಾದ್ರೆ ಅದೆ, ತಕಂಡೋಗಿ ಸಾ" ಅಂದರು. ಟೀ ಮಾತ್ರ ಕುಡಿದು ಬಂದೆ.

ವಾಪಸು ಬಂದಾಗ ಸಂಜೆ ಐದು. ಹುಳು ಮನೆಯಲ್ಲಿ ಮಾತು ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದೆ.

ಅಕ್ಕ ಒಂದು ತಟ್ಟೆಯ ಅಂಚಿಗೆ ಟಾರ್ಚು ಹಿಡಿದು ಬಗ್ಗಿದ್ದಳು. ಪಕ್ಕದಲ್ಲಿ ಮಣೆ ಹಾಕಿಕೊಂಡು ನಂಜಮ್ಮಣ್ಣಿಯವರು ಕೂತಿದ್ದರು. ಅಕ್ಕ ಹುಳುಗಳ ಸಂದಿಯಲ್ಲಿ ಕಾಣುವಷ್ಟನ್ನು ಓದುತ್ತಿದ್ದಳು.

"ಬೆಲೆ ಏರಿದಂತೆಲ್ಲ ಬೇಡಿಕೆಯು..." ಅಲ್ಲಿಗೆ ನಿಂತಳು. ಮುಂದಿನ ಮಾತಿನ ಮೇಲೆ ಏಳೆಂಟು ಹುಳು ತಪಸ್ಸಿಗೆ ಕೂತಿದ್ದವು.

"ಮುಂದ್ಕೇನವ್ವ?"

"ಕಾಣ್ತಾ ಇಲ್ಲ ಅತ್ತೆ. ಉಳ ಕೂತವೆ."

"ಅದ್ನೇನ್ ಕಾಣದು? ರೇಟ್ ಏರುದ್ರೆ ನೂಲ್ ತೆಗ್ಯೋ ರೀಲರ್‌ಗಳು ನಮ್ ಗೂಡ್ನ ಕೈಯಲ್ಲಿ ಆಡಿಸ್ಬುಟ್ಟು ಮುಂದಕ್ ಓಯ್ತಾರೆ. ಬೇಡ್ಕೆ ಬಿದ್ದೋಯ್ತದೆ. ಬರ್ಕೋ."

ಅಕ್ಕ ನಕ್ಕಳು. ಬರೆದುಕೊಂಡಳು. ಇನ್ನೊಂದು ತಟ್ಟೆ. "ಪೂರೈಕೆಯು ಒಮ್ಮೆಲೇ ಹೆಚ್ಚಿದಾಗ..." ಮತ್ತೆ ಹುಳು.

"ಊರ್ಗೆಲ್ಲಾ ಒಂದೇ ದಿನ ಗೂಡಾದ್ರೆ ರೇಟ್ ನಿಂತದಾ? ಓದ್ ಕಾರ್ತೀಕದಲ್ಲಿ ಬೀಳ್ನಿಲ್ವಾ?"

ಗೂಡಿನ ಮಾರುಕಟ್ಟೆಗೆ ನಲವತ್ತು ವರ್ಷ ಅಲೆದ ಹೆಂಗಸು ಅವರು. ಅಕ್ಕ ಅರ್ಧ ಓದುವುದು, ಅವರು ಉಳಿದರ್ಧ ಹೇಳುವುದು. ಹುಳು ಮುಚ್ಚಿದ ಅರ್ಥಶಾಸ್ತ್ರವೆಲ್ಲ ಅವರ ಬಾಯಲ್ಲಿತ್ತು. ಒಂದು ಹಾಳೆಯ ತುದಿಯಲ್ಲಿ ಬರೀ ಒಂದು ಹೆಡ್ಡಿಂಗು ಕಂಡಿತು. ಏಕಸ್ವಾಮ್ಯ.

"ಅಂಗಂದ್ರೇನವ್ವ?"

"ಮಾಲು ಇರೋದು ಒಬ್ಬನ್ ಕೈಲೇ ಅಂತೆ ಅತ್ತೆ, ಮೈಸೂರ್ ಕ್ಲಾಸಲ್ಲಿ ಅಂದ್ರು. ಬೇರೆ ಯಾರ್ ತಾವೂ ಸಿಕ್ಕಲ್ವಂತೆ."

ನಂಜಮ್ಮಣ್ಣಿಯವರು ಒಂದು ಗಳಿಗೆ ಯೋಚಿಸಿದರು. "ನಮ್ಮೆಲ್ಲಾರ ಸೊಪ್ಪು ಒಣಗೋಗಿ ಒಬ್ಬನ್ ತೋಟದಲ್ಲಿ ಮಾತ್ರ ಅದೆ ಅನ್ಕೋ. ಅವ್ನು ಏಳಿದ್ದೇ ರೇಟು. ಉಳ ಅಸ್ಕಂಡವೆ, ನಾವೇನ್ ಚೌಕಾಸಿ ಮಾಡಾನ?"

"ಅದೇ ಅತ್ತೆ! ಏಕಸ್ವಾಮ್ಯ ಅಂದ್ರೆ ಅದೇ!"

"ಅದ್ಕೊಂದ್ ಎಸ್ರು ಬೇರೆ ಮಡ್ಗವ್ರಾ?"

ನಾನು ರೆಗ್ಯುಲರ್ ಕಾಲೇಜಿಗೆ ಹೋದವನು. ನನಗೆ ಬೆಂಚಿತ್ತು, ಬೋರ್ಡಿತ್ತು, ಹಾಜರಿ ಕೂಗುವ ಮೇಷ್ಟ್ರಿದ್ದರು. ಅರ್ಥಶಾಸ್ತ್ರದಲ್ಲಿ ಪಾಸೂ ಆದೆ. ಆದರೆ ಏಕಸ್ವಾಮ್ಯ ಅಂದರೆ ಏನು ಅಂತ ನಿಜವಾಗಿ ತಿಳಿದದ್ದು ಆ ಸಂಜೆ, ಹುಳು ಮನೆಯ ಬಾಗಿಲಲ್ಲಿ. ನಮ್ಮ ಪೇಟೆಯ ಮನೆಗಳಲ್ಲಿ ಮಗು ಓದುತ್ತದೆ ಅಂದರೆ ಒಂದು ರೂಮು, ಟೇಬಲ್ ಲ್ಯಾಂಪು, ಟಿವಿ ಆಫು, ಎಲ್ಲರೂ ತುದಿಗಾಲಲ್ಲಿ ಓಡಾಟ. ಇಷ್ಟೆಲ್ಲ ಕೊಟ್ಟ ಮೇಲೂ ಒಮ್ಮೆಯಾದರೂ ಪಕ್ಕದಲ್ಲಿ ಕೂತು 'ಮುಂದ್ಕೇನಪ್ಪ?' ಅಂತ ಕೇಳಿದ್ದೇವೆಯೇ?

ಶನಿವಾರ ಮಧ್ಯಾಹ್ನ ಹುಳು ಎದ್ದವು. ತಟ್ಟೆಯ ಮೇಲೆ ಬಲೆ ಹರಡಿ, ಸೊಪ್ಪು ಉದುರಿಸಿದರು. ಹಸಿದ ಹುಳು ಬಲೆ ದಾಟಿ ಸೊಪ್ಪಿಗೆ ಏರಿದವು. ಬಲೆ ಎತ್ತಿ ಬೇರೆ ತಟ್ಟೆಗೆ ಇಳಿಸಿದರು. ಒಂದೂ ಹುಳು ಸಾಯಲಿಲ್ಲ. ಕೆಳಗೆ ಉಳಿದದ್ದು ಹಿಕ್ಕೆ, ಕಡ್ಡಿ ಮತ್ತು ಬಿ.ಎ. ಮೂರನೇ ವರ್ಷ.

ಹಾಳೆಗಳು ಒದ್ದೆ, ಹಸಿರು ಕಲೆ, ಒಂದಕ್ಕೊಂದು ಅಂಟಿದ್ದವು. ಒಣಗಿಸುವುದು ಹೇಗೆ? ಗಾಳಿ ಬೀಸುತ್ತಿತ್ತು, ನೆಲಕ್ಕೆ ಹಾಕಿದರೆ ಹಾರಿಹೋಗುತ್ತವೆ. ಪವಿತ್ರ ಓಡಿಹೋಗಿ ಖಾಲಿ ಚಂದ್ರಿಕೆಯನ್ನು ಅಂಗಳಕ್ಕೆ ಎಳೆದು ತಂದಳು. ಆ ಬಿದಿರಿನ ಸುರುಳಿಗಳ ಸಂದಿಗೆ ಒಂದೊಂದೇ ಹಾಳೆ ಸಿಕ್ಕಿಸಿ ಬಿಸಿಲಿಗೆ ನಿಲ್ಲಿಸಿದಳು. ಬೇಕೆಂದೇ ಹುಡುಕಿದಳೋ ಏನೋ, ಅದು ಓದಿನ ಚಂದ್ರಿಕೆಯೇ ಆಗಿತ್ತು.

ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. "ಏನ್ ನಂಜಮ್ಮಣ್ಣಿಯವ್ರೇ, ಪುಸ್ತಕ ಗೂಡ್ ಕಟ್ತಾ ಅದಾ?"

"ಊಂ ಕಣವ್ವ, ಸೋಮ್ವಾರಕ್ಕೆ ಗೂಡಾಯ್ತದೆ" ಅಂದರು ನಂಜಮ್ಮಣ್ಣಿಯವರು.

ನಕ್ಕ ಹೆಂಗಸು ಒಳಗೇ ಬಂದಳು. ಅವಳ ಹಿಂದೆ ಇನ್ನಿಬ್ಬರು. ಒಣಗಿದ ಹಾಳೆಗಳನ್ನು ಪುಟದ ನಂಬರು ನೋಡಿ ಜೋಡಿಸುವ ಕೆಲಸ ಜಗಲಿಯಲ್ಲಿ ನಡೆಯಿತು. ಅಕ್ಷರ ಬಾರದ ನಂಜಮ್ಮಣ್ಣಿಯವರಿಗೆ ಅಂಕಿ ಚೆನ್ನಾಗಿ ಬರುತ್ತದೆ. ಗೂಡಿನ ತೂಕದ ಚೀಟಿ ನೋಡಿ ನೋಡಿ ಕಲಿತದ್ದು. ಎಲ್ಲ ಸಿಕ್ಕವು, ಮೂವತ್ತೇಳನೇ ಪುಟದ ಹಾಳೆ ಒಂದು ಬಿಟ್ಟು. ಏಕಸ್ವಾಮ್ಯದ ವಿವರಣೆ ಇದ್ದದ್ದು ಅದರಲ್ಲೇ. (ಹಾಸಿ ಮಿಕ್ಕಿದ್ದ ಆ ಒಂದು ಹಾಳೆಯಲ್ಲಿ ಭಾವ ಎಲೆ ಅಡಿಕೆ ಕಟ್ಟಿಕೊಂಡು ತೋಟಕ್ಕೆ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು.)

ಆ ತಪ್ಪಿಗೋ ಏನೋ, ಭಾನುವಾರ ಪೂರ್ತಿ ಸೊಪ್ಪು ಹಾಕಿದವರು ಭಾವ. ಅಕ್ಕನನ್ನು ಹುಳು ಮನೆಯ ಹತ್ತಿರಕ್ಕೂ ಬಿಡಲಿಲ್ಲ. ಸೋಮವಾರ ಮೊಪೆಡ್ಡಿನಲ್ಲಿ ಪರೀಕ್ಷೆಗೆ ಕರೆತಂದವರೂ ಅವರೇ. ಗೇಟಿನ ಹೊರಗೆ ಮರದ ಕೆಳಗೆ ಅಕ್ಕ ಕೊನೇ ಸಲ ಹಾಳೆ ತಿರುವುತ್ತಿದ್ದರೆ, ಪಕ್ಕದಲ್ಲಿದ್ದವರು ಹಿಕ್ಕೆ ವಾಸನೆಗೆ ಮೂಗು ಮುಚ್ಚಿಕೊಂಡು ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು. ಅವಳಿಗೆ ಅದರ ಗಮನವೇ ಇರಲಿಲ್ಲ.

ಮೂರು ಗಂಟೆ ನಾನೂ ಭಾವನೂ ಗೇಟಿನಲ್ಲಿ ನಿಂತೆವು. ಅಕ್ಕ ಹೊರಗೆ ಬಂದದ್ದು ಓಡಿಕೊಂಡೇ.

"ಏಕಸ್ವಾಮ್ಯ ಬಂದಿತ್ತು ಕಣ್ಲಾ! ಅತ್ತು ಮಾರ್ಕ್ಸ್‌ಗೆ!"

ಮೂವತ್ತೇಳನೇ ಪುಟ! "ಏನ್ ಬರೆದೆ?"

"ಅತ್ತೆ ಏಳಿದ್ನೇ ಬರ್ದೆ. ಒಬ್ಬನ ತೋಟ, ಊರಿನ ಹಸಿದ ಹುಳು."

ಉತ್ತರ ಪತ್ರಿಕೆ ತಿದ್ದುವವರು ಯಾವೂರಿನವರೋ ಏನೋ. ಹಿಪ್ಪುನೇರಳೆ ಸೊ‌ಪ್ಪನ್ನು ಕಣ್ಣಲ್ಲಾದರೂ ಕಂಡಿದ್ದಾರೋ ಇಲ್ಲವೋ. ನಾನು ಅಕ್ಕನ ಮುಂದೆ ನಕ್ಕೆ. ಮನಸ್ಸಿನಲ್ಲಿ ಮಾತ್ರ ರಂಗಪ್ಪನಿಗೂ ಮಾದಪ್ಪನಿಗೂ ಹರಕೆ ಹೊತ್ತೆ.

ತಿಂಗಳುಗಳೇ ಕಳೆದವು. ಮೊನ್ನೆ ಅಂಕಪಟ್ಟಿಯ ಲಕೋಟೆ ಬಂತು. ಈ ಸಲ ಕಂಡಕ್ಟರ್ ಕೈಗೆ ಕೊಡಲಿಲ್ಲ. ಅಂಗಿಯ ಒಳಗಿಟ್ಟುಕೊಂಡು ನಾನೇ ಬಸ್ಸು ಹತ್ತಿದೆ. ಅಕ್ಕ ಸೊಪ್ಪು ಹೆಚ್ಚುತ್ತಿದ್ದಳು. ಕೈ ಒರೆಸಿಕೊಂಡು ಲಕೋಟೆ ಒಡೆದಳು, ಓದಿದಳು, ಇನ್ನೊಮ್ಮೆ ಓದಿದಳು. ಸೆಕೆಂಡ್ ಕ್ಲಾಸು. ಎಲ್ಲಕ್ಕಿಂತ ಹೆಚ್ಚು ಮಾರ್ಕ್ಸ್ ಬಂದದ್ದು ಅರ್ಥಶಾಸ್ತ್ರಕ್ಕೆ.

"ಅತ್ತೆ, ಪಾಸಾದೆ" ಅಂದಳು.

"ನೀನೊಬ್ಳೇ ಪಾಸಾದೇನವ್ವ? ಏಕಸ್ವಾಮ್ಯ ನಂದಲ್ವಾ?" ಅಂದ ನಂಜಮ್ಮಣ್ಣಿಯವರು ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡರು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ನನಗೂ ಕಣ್ಣು ತುಂಬಿತು. ಸಂತೋಷಕ್ಕೆ ಅಳುವುದು ಇಷ್ಟು ಹಿತ ಅಂತ ನನಗೆ ಗೊತ್ತೇ ಇರಲಿಲ್ಲ.

ತೋಟದಿಂದ ಬಂದ ಭಾವ ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದರು. ಹುಳು ಮನೆಯ ಬಾಗಿಲಲ್ಲಿ ನಿಂತು ಅಂಕಪಟ್ಟಿಯನ್ನು ತಟ್ಟೆಗಳ ಕಡೆಗೆ ತಿರುಗಿಸಿ ಹಿಡಿದರು.

"ನೋಡ್ರಪ್ಪಾ, ಡಿಗ್ರಿ ತಕಂಡವ್ಳೆ. ತೋರ್ಸ್‌ದೆ."

ಮೂರು ವರ್ಷದ ಹಿಂದಿನ ಮಾತು ಅವರಿಗೂ ನೆನಪಿತ್ತು ನೋಡಿ. ಅಕ್ಕ ನಕ್ಕು ನಕ್ಕು ಸುಸ್ತಾದಳು. ಅವತ್ತು ಆ ಬೀದಿಗೆಲ್ಲ ಕಜ್ಜಾಯ.

ಆ ಎಡವಟ್ಟಿನ ದಿನದಿಂದ ಆ ಮನೆಯಲ್ಲಿ ಒಂದು ಹೊಸ ಕಾನೂನು ಬಂದಿದೆ. ನಾನು ಕಳಿಸಿದ ಕಟ್ಟು ಬಿಚ್ಚಿದರೆ ನಂಜಮ್ಮಣ್ಣಿಯವರು ಒಂದೊಂದೇ ಹಾಳೆ ಎತ್ತಿ ಸೊಸೆಗೆ ತೋರಿಸುತ್ತಾರೆ. "ಓದೋದಾ, ಆಸೋದಾ?" ಸೊಸೆ ನೋಡಿ ತೀರ್ಪು ಕೊಟ್ಟ ಮೇಲೆಯೇ ಅದು ತಟ್ಟೆಗೆ ಹೋಗುವುದು.

ಮೊನ್ನೆ ಅಂಕಪಟ್ಟಿಯ ಜೊತೆ ಒಂದು ಕಟ್ಟು ಪೇಪರನ್ನೂ ಒಯ್ದಿದ್ದೆ. ಕಜ್ಜಾಯ ತಿನ್ನುತ್ತಾ ಕೂತಿದ್ದೆ. ನಂಜಮ್ಮಣ್ಣಿಯವರು ಒಂದು ಹಾಳೆ ಎತ್ತಿದರು. "ಇದ್ರಲ್ಲಿ ನಿನ್ ತಮ್ಮನ್ ಪಟ ಅದೆ ಕಣವ್ವ. ಓದೋದಾ, ಆಸೋದಾ?"

ಕಳೆದ ವಾರದ ಅಂಕಣ. ನಾನು ಬಹಳ ಕಷ್ಟಪಟ್ಟು ಬರೆದದ್ದು. ಮಹದೇವಮ್ಮ ಬಿ.ಎ. ಅವರು ಅದನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಓದಿದರು. ಪರೀಕ್ಷೆಯ ಗೇಟಿನಲ್ಲಿ ನಿಂತಾಗಲೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

"ಹಾಸಿ ಅತ್ತೆ" ಅಂದಳು ಅಕ್ಕ.

ಈಗ ನೀವು ಹೇಳಿ, ಈ ವಾರದ್ದು?